ಕೈ ಎತ್ತದ ಮಕ್ಕಳ ಉತ್ತರ

ಮೇಲಕ್ಕೆ ಎಸೆದ ಚೆಂಡು ತುತ್ತತುದಿಯಲ್ಲಿ ಒಂದು ಕ್ಷಣ ನಿಲ್ಲುತ್ತದೆ. ಆ ಕ್ಷಣ ಅದರ ಮೇಲಿರುವ ಬಲ ಯಾವ ಕಡೆಗೆ? ಗುರುತ್ವದ ಪಾಠ ಮುಗಿಸಿದ ಮರುದಿನ ಒಂಬತ್ತನೆಯ ತರಗತಿಯಲ್ಲಿ ಈ ಪ್ರಶ್ನೆ ಕೇಳಿದೆ. ಹಿಂದಿನ ದಿನ "ತಿಳಿಯಿತೇ?" ಎಂದಾಗ ಇಡೀ ತರಗತಿ ಒಂದೇ ದನಿಯಲ್ಲಿ "ತಿಳಿಯಿತು ಸರ್" ಎಂದಿತ್ತು. ಈಗ 38 ಮಕ್ಕಳಲ್ಲಿ ಸರಿಯುತ್ತರ ಕೊಟ್ಟವರು 7 ಮಂದಿ. 26 ಮಂದಿ ಬಲ ಸೊನ್ನೆ ಎಂದಿದ್ದರು. ಪ್ರತಿ ಸಲ ಎಲ್ಲರಿಗಿಂತ ಮೊದಲು ಕೈ ಎತ್ತುವ ನಾಲ್ವರೂ ಆ 26ರಲ್ಲೇ ಇದ್ದರು. ಗದಗ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಹದಿನಾರು ವರ್ಷ ವಿಜ್ಞಾನ ಕಲಿಸಿದ್ದ ನನಗೆ, ಇಷ್ಟು ವರ್ಷ ಯಾರ ಉತ್ತರ ಕೇಳಿಸಿಕೊಂಡು ಪಾಠ ಮುಂದುವರಿಸುತ್ತಿದ್ದೆ ಎಂಬುದು ಅಂದು ಅರಿವಾಯಿತು.

ಅರಿವು ಮಾಡಿಸಿದ್ದು ಪ್ಲಿಕರ್ಸ್ ಎಂಬ ಆ್ಯಪ್. ಇದಕ್ಕೆ ಮಕ್ಕಳ ಕೈಯಲ್ಲಿ ಮೊಬೈಲ್ ಬೇಕಿಲ್ಲ, ಶಿಕ್ಷಕರ ಬಳಿ ಒಂದಿದ್ದರೆ ಸಾಕು. ಪ್ರತಿ ಮಗುವಿಗೂ ಒಂದು ಕಾಗದದ ಕಾರ್ಡ್. ಅದರ ಮೇಲೆ ಕಪ್ಪು ಚೌಕಗಳ ಒಂದು ಆಕೃತಿ, ಒಂದು ಸಂಖ್ಯೆ, ನಾಲ್ಕು ಬದಿಗೆ ಎ, ಬಿ, ಸಿ, ಡಿ ಅಕ್ಷರಗಳು. ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಮಗು ಕಾರ್ಡನ್ನು ತಿರುಗಿಸಿ ಹಿಡಿಯುತ್ತದೆ. ನಾನು ಮೊಬೈಲ್ ಕ್ಯಾಮೆರಾವನ್ನು ತರಗತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ಹಾಯಿಸಿದರೆ ಯಾರ ಉತ್ತರ ಏನೆಂದು ಹೆಸರಿನ ಸಮೇತ ದಾಖಲಾಗುತ್ತದೆ. ಒಬ್ಬೊಬ್ಬರ ಕಾರ್ಡಿನ ಆಕೃತಿಯೂ ಬೇರೆ, ಅಕ್ಷರಗಳೂ ಸಣ್ಣವು. ಹೀಗಾಗಿ ಪಕ್ಕದವರ ಕಾರ್ಡ್ ನೋಡಿ ಹಿಡಿಯುವುದು ಕಷ್ಟ. ಮುಖ್ಯವಾಗಿ, ತಪ್ಪು ಹೇಳಿದರೆ ಯಾರಾದರೂ ನಗುತ್ತಾರೆಂಬ ಅಂಜಿಕೆ ಇಲ್ಲ.

ಕಾರ್ಡ್‌ಗಳನ್ನು ಆ್ಯಪಿನ ಜಾಲತಾಣದಿಂದ ಉಚಿತವಾಗಿ ಇಳಿಸಿಕೊಳ್ಳಬಹುದು. ಬಾಳಿಕೆ ಬರಲೆಂದು ಮೊದಲ ಸಲ ಝೆರಾಕ್ಸ್ ಅಂಗಡಿಯಲ್ಲಿ ಲ್ಯಾಮಿನೇಶನ್ ಮಾಡಿಸಿದೆ. ಕಿಟಕಿಯ ಬೆಳಕು ಬಿದ್ದು ಹೊಳೆಯುವ ಕಾರ್ಡ್‌ಗಳನ್ನು ಕ್ಯಾಮೆರಾ ಓದಲಿಲ್ಲ; ಖರ್ಚೆಲ್ಲ ದಂಡವಾಯಿತು. ಎರಡನೆಯ ಸಲ ಸಾದಾ ಕಾಗದದಲ್ಲಿ ಮುದ್ರಿಸಿ, ಮಕ್ಕಳು ಮನೆಯಿಂದ ತಂದ ಹಳೆಯ ಲಗ್ನಪತ್ರಿಕೆಗಳ ಬೆನ್ನಿಗೆ ಅಂಟಿಸಿದೆವು. ಅವೇ ಇಂದಿಗೂ ಬಳಕೆಯಲ್ಲಿವೆ. ಕಾರ್ಡನ್ನು ಹಿಡಿಯುವಾಗ ಬೆರಳು ಕಪ್ಪು ಚೌಕಗಳ ಮೇಲೆ ಬರಬಾರದು. ಇದನ್ನು ರೂಢಿ ಮಾಡಿಸಲು ಒಂದು ವಾರ ಬೇಕಾಯಿತು. ಪ್ರಶ್ನೆಯನ್ನು ನಾನು ಕಪ್ಪುಹಲಗೆಯ ಮೇಲೆಯೇ ಬರೆಯುತ್ತೇನೆ.

ಆ್ಯಪ್ ಉತ್ತರ ಎಣಿಸಿಕೊಡುತ್ತದೆ, ಅಷ್ಟೇ. ಮುಂದಿನದು ನಮ್ಮ ಕೆಲಸ. ಅಂದು ನಾನು ಸರಿಯುತ್ತರ ಹೇಳಲಿಲ್ಲ. "ನಿಮ್ಮ ಪಕ್ಕದಲ್ಲಿ ಬೇರೆ ಉತ್ತರ ಹಿಡಿದವರನ್ನು ಒಪ್ಪಿಸಿ ನೋಡಿ" ಎಂದು ಮೂರು ನಿಮಿಷ ಬಿಟ್ಟೆ. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಕಲಿಸುವ ಎರಿಕ್ ಮಜೂರ್ 1990ರ ದಶಕದಲ್ಲಿ ಬೆಳೆಸಿದ ವಿಧಾನವಿದು. ಕೊನೆಯ ಸಾಲಿನ ಹುಡುಗಿಯೊಬ್ಬಳು ಗೆಳತಿಗೆ ಹೇಳುತ್ತಿದ್ದ ಮಾತು ನನ್ನ ಕಿವಿಗೆ ಬಿತ್ತು: "ನಿಂತ ಚೆಂಡು ಮತ್ತೆ ಕೆಳಗೆ ಬರಬೇಕಾದರೆ ಭೂಮಿ ಅದನ್ನು ಎಳೆಯುತ್ತಿರಲೇಬೇಕಲ್ಲ? ಅಲ್ಲಿ ಎಳೆಯುವುದನ್ನು ಬಿಟ್ಟರೆ ಚೆಂಡು ಅಲ್ಲೇ ಉಳಿಯಬೇಕಿತ್ತು." ನನ್ನ ಎರಡು ದಿನಗಳ ವಿವರಣೆಗಿಂತ ಇದು ಚೊಕ್ಕವಾಗಿತ್ತು. ಮತ್ತೊಮ್ಮೆ ಕಾರ್ಡ್ ಎತ್ತಿಸಿದಾಗ 7 ಇದ್ದದ್ದು 27 ಆಯಿತು. ಆ ಹುಡುಗಿ ಅಲ್ಲಿಯವರೆಗೆ ನನ್ನ ತರಗತಿಯಲ್ಲಿ ಒಮ್ಮೆಯೂ ಕೈ ಎತ್ತಿರಲಿಲ್ಲ.

ಅಂದಿನಿಂದ ಯಾವ ಹೊಸ ಆ್ಯಪ್ ಕಂಡರೂ ನಾನು ಕೇಳಿಕೊಳ್ಳುವುದು ಒಂದೇ: ಸುಮ್ಮನೆ ಕೂರುವ ಮಗುವಿನ ಮನಸ್ಸಿನಲ್ಲಿ ಏನಿದೆ ಎಂದು ಇದರಿಂದ ತಿಳಿಯುತ್ತದೆಯೇ? ಈ ಕಾರಣಕ್ಕೇ ಮನೆಗೆ ಗೂಗಲ್ ಫಾರ್ಮ್ ಪರೀಕ್ಷೆ ಕಳುಹಿಸುವುದನ್ನು ನಿಲ್ಲಿಸಿದೆ. ಅಂಕಗಳು ತುಂಬಿ ಬರುತ್ತಿದ್ದವು, ಆದರೆ ಉತ್ತರಿಸುತ್ತಿದ್ದವರು ಅಣ್ಣ, ಅಕ್ಕಂದಿರು. ಮೊಬೈಲ್ ಇಲ್ಲದ ಮನೆಯ ಮಕ್ಕಳು ಲೆಕ್ಕಕ್ಕೇ ಬರುತ್ತಿರಲಿಲ್ಲ.

ಅದರ ಬದಲು ಈಗ ವಾರಕ್ಕೆರಡು ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಧ್ವನಿ ಸಂದೇಶವಾಗಿ ಒಂದು ಪ್ರಶ್ನೆ ಕಳುಹಿಸುತ್ತೇನೆ. ಬರಹ ಬೇಡವೆಂದದ್ದು ಯೋಚಿಸಿಯೇ. ನಮ್ಮ ಕಡೆಯ ಎಷ್ಟೋ ತಂದೆತಾಯಿಗಳು ಗೋವಾ, ಮಂಗಳೂರಿಗೆ ದುಡಿಯಲು ಹೋಗುತ್ತಾರೆ, ಮಕ್ಕಳು ಓದು ಬಾರದ ಅಜ್ಜಿಯರ ಬಳಿ ಇರುತ್ತಾರೆ. ಮಗು ಅರ್ಧ ನಿಮಿಷದೊಳಗೆ ತನ್ನ ಮಾತಿನಲ್ಲಿ ಉತ್ತರ ಹೇಳಬೇಕು, ಅದೂ ಗುಂಪಿಗಲ್ಲ, ನನಗೊಬ್ಬನಿಗೆ. ಗುಂಪಿನಲ್ಲಿ ಹಾಕಿಸಿದಾಗ ಮೊದಲು ಬಂದ ಉತ್ತರವನ್ನೇ ಉಳಿದವರು ಒಪ್ಪಿಸಿಬಿಟ್ಟಿದ್ದರು. ಮನೆಯಲ್ಲಿ ಮೊಬೈಲ್ ಇಲ್ಲದವರು ಮರುದಿನ ಪ್ರಾರ್ಥನೆಗೆ ಮೊದಲು ನನ್ನ ಮೊಬೈಲಿನಲ್ಲೇ ಧ್ವನಿಮುದ್ರಿಸುತ್ತಾರೆ. ಎಲ್ಲವನ್ನೂ ಕೇಳಲು ಇಪ್ಪತ್ತು ನಿಮಿಷ ಹಿಡಿಯುತ್ತದೆ, ಆ ಇಪ್ಪತ್ತು ನಿಮಿಷ ನನಗೆ ಪ್ರಿಯ. ಗೋವಾದಲ್ಲಿ ಗೌಂಡಿ ಕೆಲಸ ಮಾಡುವ ತಂದೆಯೊಬ್ಬರು ಮಗಳ ಉತ್ತರ ತಮಗೂ ಬೇಕೆಂದರು. ಈಗ ಆಕೆ ಅಜ್ಜಿಯ ಮೊಬೈಲಿನಿಂದ ಇಬ್ಬರಿಗೂ ಕಳುಹಿಸುತ್ತಾಳೆ.

ಉಳಿದ ಸಾಧನಗಳು ತಯಾರಿಯ ಹೊರೆ ಇಳಿಸುತ್ತವೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಸರ್ಕಾರದ ದೀಕ್ಷಾ ಆ್ಯಪ್ ಹಿಡಿದು, ಬೇಕಾದ ವಿಡಿಯೊಗಳನ್ನು ಮನೆಯಲ್ಲೇ ಇಳಿಸಿಕೊಂಡು ಬರುತ್ತೇನೆ. ಪರದೆಯ ಮೇಲೆಯೇ ಮಾಡಿ ನೋಡಬಹುದಾದ, ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಪ್ರಯೋಗಗಳನ್ನೂ ಹಾಗೆಯೇ. ವಿದ್ಯುನ್ಮಂಡಲದ ಪಾಠಕ್ಕೆ ಇಂಟರ್‌ನೆಟ್ ಇಲ್ಲದೆಯೂ ಲ್ಯಾಪ್‌ಟಾಪ್‌ನಲ್ಲಿ ನಡೆಯುತ್ತವೆ. ಪ್ರಶ್ನೆಪತ್ರಿಕೆಯನ್ನು ಜಿಬೋರ್ಡ್‌ಗೆ, ಅಂದರೆ ಮಾತನ್ನು ಬರಹವಾಗಿಸುವ ಗೂಗಲ್‌ನ ಕೀಲಿಮಣೆಗೆ, ಹೇಳಿ ಬರೆಸುತ್ತೇನೆ. ಪುಸ್ತಕದ ಕನ್ನಡದಲ್ಲಿ ನಿಧಾನವಾಗಿ ಹೇಳಿದರೆ ಸಾಕಷ್ಟು ಸರಿಯಾಗಿ ಬರೆಯುತ್ತದೆ, ಆದರೂ ಪಾರಿಭಾಷಿಕ ಪದಗಳನ್ನು ಒಂದೊಂದಾಗಿ ತಿದ್ದಲೇಬೇಕು.

ಮಕ್ಕಳಿಗೆ ಅತಿ ಪ್ರಿಯವಾದದ್ದು ಫೈಫಾಕ್ಸ್. ಜರ್ಮನಿಯ ಆಹೆನ್ ನಗರದ ತಾಂತ್ರಿಕ ವಿಶ್ವವಿದ್ಯಾಲಯದವರು 2016ರಲ್ಲಿ ಹೊರತಂದ ಈ ಉಚಿತ ಆ್ಯಪ್ ಮೊಬೈಲಿನ ಸಂವೇದಕಗಳನ್ನೇ ಅಳತೆಯ ಉಪಕರಣವಾಗಿಸುತ್ತದೆ. ಅದರಲ್ಲಿ ಸದ್ದಿಗೆ ಶುರುವಾಗಿ ಸದ್ದಿಗೇ ನಿಲ್ಲುವ ಗಡಿಯಾರವಿದೆ. ನನ್ನದೊಂದು, ಕನ್ನಡ ಕಲಿಸುವ ಅಕ್ಕಾವರದೊಂದು, ಎರಡು ಮೊಬೈಲ್‌ಗಳನ್ನು 20 ಮೀಟರ್ ಅಂತರದಲ್ಲಿ ಇಟ್ಟೆವು. ಮೊದಲನೆಯದರ ಪಕ್ಕ ಒಬ್ಬ ಚಪ್ಪಾಳೆ ತಟ್ಟಿದರೆ ಅದು ತಕ್ಷಣ, ಎರಡನೆಯದು ಶಬ್ದ ಅಲ್ಲಿಗೆ ತಲುಪಿದ ಮೇಲೆ ಶುರುವಾಗುತ್ತದೆ. ಆಮೇಲೆ ಎರಡನೆಯದರ ಪಕ್ಕದವನು ತಟ್ಟಿದರೆ ಅದು ತಕ್ಷಣ ನಿಂತು, ಮೊದಲನೆಯದು ತಡವಾಗಿ ನಿಲ್ಲುತ್ತದೆ. ಎರಡು ಗಡಿಯಾರಗಳ ವ್ಯತ್ಯಾಸವೆಂದರೆ ಶಬ್ದ ಹೋಗಿ ಬರಲು, ಅಂದರೆ 40 ಮೀಟರ್ ಸಾಗಲು ಹಿಡಿದ ಕಾಲ.

ಮೈದಾನದಲ್ಲಿ ಇದು ಆಗಲಿಲ್ಲ. ಕಪ್ಪತಗುಡ್ಡದ ಗಾಳಿಯಂತ್ರಗಳು ಕಾಣುವ ಊರು ನಮ್ಮದು, ಬೀಸುವ ಗಾಳಿಗೇ ಗಡಿಯಾರ ಓಡತೊಡಗಿತು. ಪಡಸಾಲೆಗೆ ಬಂದು, ಆ್ಯಪಿನಲ್ಲಿ ಸದ್ದಿನ ಮಿತಿಯನ್ನು ಏರಿಸಿ, ಚಪ್ಪಾಳೆಯ ಬದಲು ಎರಡು ಮರದ ಪಟ್ಟಿ ಬಡಿದೆವು. ಹತ್ತು ಸಲದ ಸರಾಸರಿ 0.115 ಸೆಕೆಂಡ್. 40 ಮೀಟರನ್ನು ಇದರಿಂದ ಭಾಗಿಸಿದಾಗ ಶಬ್ದದ ಜವ ಸೆಕೆಂಡಿಗೆ 348 ಮೀಟರ್. ಪುಸ್ತಕದಲ್ಲಿ 344 ಇದೆ, ನಮ್ಮ ಅಳತೆ ತಪ್ಪಿತೆಂದು ಹುಡುಗರು ಮುಖ ಸಣ್ಣ ಮಾಡಿದರು. ಅದೇ ಕೊನೆಯ ಸಾಲಿನ ಹುಡುಗಿ ಪುಸ್ತಕ ತಂದು ತೋರಿಸಿದಳು: 344 ಎಂಬುದು 22 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಸೊನ್ನೆ ಡಿಗ್ರಿಯಲ್ಲಿ 331. ಪಡಸಾಲೆಯ ತಾಪಮಾಪಕದಲ್ಲಿ ಅಂದು 29 ಇತ್ತು.

ಡಿಸೆಂಬರ್‌ನ ಚಳಿಯ ಬೆಳಗಿನಲ್ಲಿ, ಪ್ರಾರ್ಥನೆಗೆ ಮೊದಲು, ಮತ್ತೆ ಅಳೆಯುವುದೆಂದು ಮಕ್ಕಳೇ ನಿಶ್ಚಯಿಸಿದ್ದಾರೆ. 18 ಡಿಗ್ರಿ ಇದ್ದರೆ ಜವ ಎಷ್ಟಿರಬೇಕೆಂದು ಲೆಕ್ಕ ಹಾಕಿ, ಕಪ್ಪುಹಲಗೆಯ ಮೂಲೆಯಲ್ಲಿ 342 ಎಂದು ಬರೆದು, ಸುತ್ತ ಗೆರೆ ಎಳೆದು, "ಅಳಿಸಬೇಡಿ" ಎಂದಿಟ್ಟಿದ್ದಾರೆ.