ಒರೆಗಾನೊ ನನಗೆ ಒಲಿದದ್ದು ಮೂರನೆಯ ವರ್ಷ

ದೊಡ್ಡಬಳ್ಳಾಪುರದ ಕಡೆಯ ನಮ್ಮ ಕೆಂಪು ಮಣ್ಣಿನಲ್ಲಿ ಒರೆಗಾನೊ ಬೆಳೆಯುತ್ತೇನೆ ಎಂದಾಗ, ಹಿತ್ತಿಲಲ್ಲಿ ದೊಡ್ಡಪತ್ರೆ ಇರುವಾಗ ಈ ಪಿಜ್ಜಾ ಸೊಪ್ಪೇಕೆ ಎಂದು ಊರಿನವರು ನಕ್ಕಿದ್ದರು. ಮೊದಲೆರಡು ವರ್ಷ ಆ ನಗುವಿಗೆ ನಾನೇ ಕಾರಣ ಒದಗಿಸಿದೆ. ಕೊತ್ತಂಬರಿ, ಪುದೀನ ಬೆಳೆದು ಪಳಗಿದ ಅಭ್ಯಾಸದಲ್ಲಿ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಹಾಕಿ, ದಿನವೂ ಹನಿ ನೀರು ಬಿಟ್ಟೆ. ಗಿಡಗಳೇನೋ ಹುಲುಸಾಗಿ ಬಂದವು. ಆದರೆ ಎಲೆ ಉಜ್ಜಿದರೆ ಬರುತ್ತಿದ್ದದ್ದು ಹುಲ್ಲಿನ ವಾಸನೆ. ಮಳೆ ಹಿಡಿದಾಗ ಬುಡ ಕಪ್ಪಾಗಿ ಮುಕ್ಕಾಲು ಪಾಲು ಕೊಳೆತುಹೋಯಿತು. ಬೀಜ, ಕೂಲಿ, ನೆರಳುಪರದೆ ಸೇರಿ ಸುಮಾರು 40,000 ರೂಪಾಯಿ ಮಣ್ಣುಪಾಲಾಯಿತು.

ಬೀಜದಿಂದ ಬಂದ ಸಸಿಗಳಲ್ಲಿ ಒಂದರಂತೆ ಇನ್ನೊಂದು ಇರಲಿಲ್ಲ. ನೇರಳೆ ಹೂವಿನವು ನೋಡಲು ಚೆಂದ, ಘಾಟು ಮಾತ್ರ ಇಲ್ಲ. ಬಿಳಿ ಹೂವಿನ, ನವಿರುರೋಮದ ಎಲೆಯ ಗ್ರೀಕ್ ಬಗೆಯವುಗಳಲ್ಲಿ, ಅಗಿದರೆ ನಾಲಗೆ ಜುಮ್ಮೆನಿಸುವಷ್ಟು ಕಾರ್ವಕ್ರಾಲ್ (ಒರೆಗಾನೊಗೆ ಘಾಟು ಕೊಡುವ ಎಣ್ಣೆಯಂಶ) ಇದ್ದ ಹನ್ನೊಂದು ಗಿಡಗಳನ್ನು ಉಳಿಸಿಕೊಂಡು, ಮಿಕ್ಕವನ್ನು ಕಿತ್ತೆಸೆದು, ಅವುಗಳ ಕುಡಿಗಳಿಂದಲೇ ಐದು ಗುಂಟೆ ತುಂಬಿಸಿದೆ. ಇದು ಮೆಡಿಟರೇನಿಯನ್ ತೀರದ ಕಲ್ಲುಗುಡ್ಡಗಳ ಗಿಡ. ಇದಕ್ಕೆ ಉಪಚಾರ ಹೆಚ್ಚಾದರೆ ಕೇಡು. ಆದ್ದರಿಂದ ಒಂದಡಿ ಎತ್ತರದ ಮಡಿ ಮಾಡಿ, ಮೂರರಲ್ಲಿ ಒಂದು ಪಾಲು ದಪ್ಪ ಮರಳು ಬೆರೆಸಿ, ಮಳೆಗಾಲಕ್ಕೆ ಪ್ಲಾಸ್ಟಿಕ್ ಚಾವಣಿ ಕಟ್ಟಿ, ನೀರನ್ನು ವಾರಕ್ಕೊಮ್ಮೆಗೆ ಇಳಿಸಿದೆ. ನೆರಳುಪರದೆ ಸುತ್ತಿಟ್ಟಲ್ಲೇ ಇದೆ. ಮಡಿಗೆ ಇನ್ನೊಂದು ವಸ್ತುವನ್ನೂ ಬೆರೆಸುತ್ತೇನೆ. ಅದನ್ನು ಸದ್ಯಕ್ಕೆ ಹೇಳಲಾರೆ.

ಬಿಸಿಲಲ್ಲಿ ಒಣಗಿಸಿದ ಮೊದಲ ಕೊಯ್ಲು ಬಣ್ಣಗೆಟ್ಟಿತೆಂದು ವ್ಯಾಪಾರಿ ಚೀಲ ಸಮೇತ ಹಿಂದಿರುಗಿಸಿದ್ದ. ಈಗ ಮೊಗ್ಗು ಕಂಡೊಡನೆ, ಹೂ ಬಿರಿಯುವ ಮೊದಲೇ ಕೊಯ್ದು, ಕತ್ತಲೆ ಕೋಣೆಯಲ್ಲಿ ಫ್ಯಾನ್ ಹಾಕಿ ನಾಲ್ಕೈದು ದಿನ ಒಣಗಿಸುತ್ತೇನೆ. ಕಡ್ಡಿ ಬಿಡಿಸಿದ ಮೇಲೆ ಏಳು ಕಿಲೋ ಹಸಿ ಸೊಪ್ಪಿಗೆ ಒಂದು ಕಿಲೋ ಒಣ ಎಲೆ ಸಿಗುತ್ತದೆ. ಅದೇ ಕೋಣೆಯಲ್ಲಿ ದೊಡ್ಡಪತ್ರೆಯನ್ನೂ ಹರಡಿ ನೋಡಿದೆ. ನೀರೇ ತುಂಬಿದ ಆ ಎಲೆ ವಾರ ಕಳೆದರೂ ಒಣಗದೆ ಕಪ್ಪಾಯಿತು. ಒರೆಗಾನೊ ತಂಬುಳಿಯನ್ನೂ ಮಾಡಿಸಿದ್ದೆ, ಮನೆಯಲ್ಲಿ ಯಾರೂ ಎರಡನೆಯ ಸಲ ಬಡಿಸಿಕೊಳ್ಳಲಿಲ್ಲ.

ಕಳೆದ ವರ್ಷ ಹೆಚ್ಚುಕಡಿಮೆ 50 ಕಿಲೋ ಒಣ ಎಲೆಯನ್ನು ಕಿಲೋಗೆ 800 ರೂಪಾಯಿಯಂತೆ ಬೆಂಗಳೂರಿನ ಬೇಕರಿಗಳಿಗೆ ಕೊಟ್ಟೆ. ನಕ್ಕವರಲ್ಲಿ ಇಬ್ಬರು ಕುಡಿ ಕೇಳಿಕೊಂಡು ಬಂದಿದ್ದಾರೆ. ಕೊಟ್ಟಿದ್ದೇನೆ, ಆ ಹನ್ನೊಂದರಲ್ಲಿ ಮೂರು ಗಿಡಗಳದ್ದನ್ನು ಬಿಟ್ಟು.