ಹೋಂ ಥಿಯೇಟರಿನ ಯೂನಿವರ್ಸಲ್ ರಿಮೋಟ್ ಕೈಕೊಟ್ಟಾಗ

ಟಿವಿ, ಸೆಟ್ ಟಾಪ್ ಬಾಕ್ಸ್, ಆಂಪ್ಲಿಫೈಯರ್ ಮೂರನ್ನೂ ಒಂದೇ ಯೂನಿವರ್ಸಲ್ ರಿಮೋಟಿನಿಂದ ನಡೆಸುವ ಮನೆಗಳಲ್ಲಿ ಏನೇ ಕೆಟ್ಟರೂ ಮೊದಲ ದೂರು ರಿಮೋಟಿನ ಮೇಲೆಯೇ ಬರುತ್ತದೆ. ಹೊಸದನ್ನು ತರಲು ದಾವಣಗೆರೆಯ ಮಂಡಿಪೇಟೆಗೋ ಚಿತ್ರದುರ್ಗದ ಲಕ್ಷ್ಮೀ ಬಜಾರಿಗೋ ಹೊರಡುವ ಮುನ್ನ ನಾಲ್ಕು ವಿಷಯಗಳನ್ನು ಕ್ರಮವಾಗಿ ನೋಡಬೇಕು: ರಿಮೋಟ್ ಕಿರಣ ಬಿಡುತ್ತಿದೆಯೇ, ಬಿಡುತ್ತಿರುವುದು ಸರಿಯಾದ ಕೋಡೇ, ಅದು ಉಪಕರಣದ ಕಣ್ಣಿಗೆ ಮುಟ್ಟುತ್ತಿದೆಯೇ, ಮುಟ್ಟಿದಾಗ ಉಪಕರಣ ನಾವು ಅಂದುಕೊಂಡ ಸ್ಥಿತಿಯಲ್ಲಿದೆಯೇ. ಈ ಕ್ರಮ ಬಿಟ್ಟು ಸಿಕ್ಕಸಿಕ್ಕ ಬಟನ್ ಒತ್ತುತ್ತಾ ಹೋದರೆ ಸರಿಯಿದ್ದ ಸೆಟ್ಟಿಂಗೂ ಅಳಿಸಿಹೋಗುತ್ತದೆ.

ಮೊದಲನೆಯದನ್ನು ತಿಳಿಯಲು ಮೊಬೈಲ್ ಸಾಕು. ರಿಮೋಟಿನ ತುದಿಯಲ್ಲಿರುವ ಎಲ್‌ಇಡಿ ಸೂಸುವ ಅವಗೆಂಪು ಬೆಳಕು, ಸಾಮಾನ್ಯವಾಗಿ 940 ನ್ಯಾನೋಮೀಟರ್ ಆಸುಪಾಸಿನದು, ಬರಿಗಣ್ಣಿಗೆ ಕಾಣದಿದ್ದರೂ ಮೊಬೈಲ್ ಕ್ಯಾಮೆರಾದಲ್ಲಿ ತಿಳಿ ನೇರಳೆಯಾಗಿ ಮಿನುಗುತ್ತದೆ. ಹಿಂಬದಿಯ ಕ್ಯಾಮೆರಾಗಳಲ್ಲಿ ಈ ಬೆಳಕನ್ನು ತಡೆಯುವ ಫಿಲ್ಟರ್ ಇರುವುದೇ ಹೆಚ್ಚಾದ್ದರಿಂದ ಸೆಲ್ಫಿ ಕ್ಯಾಮೆರಾದಲ್ಲೇ ನೋಡಬೇಕು. ಯಾವ ಬಟನ್ ಒತ್ತಿದರೂ ಮಿನುಗದಿದ್ದರೆ ಸೆಲ್ ಬದಲಿಸಿ, ಸ್ಪ್ರಿಂಗುಗಳ ಮೇಲೆ ಬಿಳಿಯ ಪುಡಿ ಕಟ್ಟಿದೆಯೇ ಎಂದು ಪರೀಕ್ಷಿಸಿ. ಅಲ್ಕಲೈನ್ ಸೆಲ್ ಸೋರಿ ಕಟ್ಟಿದ ಪುಡಿಯನ್ನು ಹತ್ತಿಯ ಕಡ್ಡಿಗೆ ಒಂದು ಹನಿ ನಿಂಬೆರಸ ಹಚ್ಚಿ ಒರೆಸಿ, ಪೂರ್ತಿ ಒಣಗಿಸಿದ ಬಳಿಕವೇ ಹೊಸ ಸೆಲ್ ಹಾಕಬೇಕು. ಕೆಲವು ಬಟನ್‌ಗಳಿಗೆ ಮಿನುಗಿ, ಕೆಲವಕ್ಕೆ ಮಿನುಗದಿದ್ದರೆ ತೊಂದರೆ ರಬ್ಬರ್ ಪದರದಲ್ಲಿದೆ. ಬಟನ್ನಿನ ಅಡಿಯಲ್ಲಿ ಇಂಗಾಲ ಲೇಪಿಸಿದ ಸಣ್ಣ ಬಿಲ್ಲೆಯಿದ್ದು, ಅದು ಬೋರ್ಡಿನ ಮೇಲಿನ ಗೆರೆಗಳಿಗೆ ತಾಗಿದಾಗಲೇ ಕೋಡ್ ಹೊರಡುತ್ತದೆ. ಎಣ್ಣೆಯ ತೆಳು ಪೊರೆಯೊಂದು ಅಡ್ಡ ಬಂದರೂ ಸಂಪರ್ಕ ತಪ್ಪುತ್ತದೆ. ಕ್ರಿಕೆಟ್ ನೋಡುತ್ತಾ ಮಂಡಕ್ಕಿ, ಮಿರ್ಚಿ ತಿಂದ ಕೈಯಲ್ಲೇ ರಿಮೋಟ್ ಹಿಡಿಯುವ ನಮ್ಮ ಊರಿನಲ್ಲಿ ವಾಲ್ಯೂಮ್ ಬಟನ್ನೇ ಮೊದಲು ಸಾಯುವುದರಲ್ಲಿ ಆಶ್ಚರ್ಯವಿಲ್ಲ. ಕವಚ ಬಿಚ್ಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಿಂದಲೂ ರಬ್ಬರನ್ನು ಸೋಪಿನ ನೀರಿನಿಂದಲೂ ಸ್ವಚ್ಛಗೊಳಿಸಬಹುದು. ಬಿಲ್ಲೆಯನ್ನು ಗಟ್ಟಿಯಾಗಿ ಉಜ್ಜಿದರೆ ಲೇಪನವೇ ಕಿತ್ತುಬರುತ್ತದೆ.

ಕಿರಣ ಸರಿಯಾಗಿದ್ದೂ ಉಪಕರಣ ಅಲುಗದಿದ್ದರೆ ಕೋಡಿನ, ಅಂದರೆ ಎದುರಿಗಿರುವುದು ಯಾವ ಉಪಕರಣ ಎಂದು ರಿಮೋಟಿಗೆ ತಿಳಿಸುವ ಸಂಖ್ಯೆಯ ಸರದಿ. ರಿಮೋಟಿನ ಕೋಡ್ ಪಟ್ಟಿಯಲ್ಲಿ ಒಂದೇ ಕಂಪನಿಯ ಹೆಸರಿನ ಕೆಳಗೆ ಹಲವು ಕೋಡುಗಳಿರುತ್ತವೆ. ಪವರ್ ಮತ್ತು ವಾಲ್ಯೂಮ್ ಕೆಲಸ ಮಾಡಿ ಮೆನು ಮಾತ್ರ ಬಾರದಿದ್ದರೆ ಅದು ಅರ್ಧ ಹೊಂದುವ ಕೋಡ್; ಅಷ್ಟಕ್ಕೇ ತೃಪ್ತರಾಗದೆ ಪಟ್ಟಿಯ ಮುಂದಿನದನ್ನು ಪ್ರಯತ್ನಿಸಬೇಕು. ಸರಿಯಾದದ್ದು ಸಿಕ್ಕ ಕೂಡಲೇ ಚೀಟಿಯಲ್ಲಿ ಬರೆದು ಸೆಲ್ಲಿನ ಮುಚ್ಚಳದ ಒಳಗೆ ಅಂಟಿಸಿಡುವುದು ಒಳ್ಳೆಯದು, ಏಕೆಂದರೆ ಅಗ್ಗದ ರಿಮೋಟುಗಳು ಸೆಲ್ ತೆಗೆದೊಡನೆ ಕೋಡನ್ನು ಮರೆಯುವುದುಂಟು. ಯಮಹಾ, ಒಂಕ್ಯೋದಂತಹ ಆಂಪ್ಲಿಫೈಯರುಗಳಲ್ಲಿ ರಿಮೋಟ್ ಐಡಿ ಎಂಬ ಸೆಟ್ಟಿಂಗ್ ಕೂಡ ಇರುತ್ತದೆ. ಉಪಕರಣದ ಐಡಿ ಒಂದು, ರಿಮೋಟಿನದು ಇನ್ನೊಂದು ಆಗಿದ್ದರೆ ಕೋಡ್ ಸರಿಯಿದ್ದೂ ಪ್ರಯೋಜನವಿಲ್ಲ. ಪಟ್ಟಿಯಲ್ಲಿ ಕೋಡೇ ಇಲ್ಲದ ಉಪಕರಣಕ್ಕೆ, ಕಲಿಯುವ ಸೌಲಭ್ಯವಿರುವ ರಿಮೋಟಾದರೆ, ಮೂಲ ರಿಮೋಟನ್ನು ಕೆಲವೇ ಸೆಂಟಿಮೀಟರ್ ದೂರದಲ್ಲಿ ಎದುರುಬದುರಾಗಿಟ್ಟು ಒಂದೊಂದೇ ಬಟನ್ ಕಲಿಸಬೇಕು. ಆ ಹೊತ್ತಿಗೆ ಎರಡರಲ್ಲೂ ಹೊಸ ಸೆಲ್ ಇರಬೇಕು.

ಮೂರನೆಯದು ದಾರಿಯ ಅಡ್ಡಿ. ಟಿವಿಯ ಮುಂದೆ ಸೌಂಡ್ ಬಾರ್ ತಂದಿಟ್ಟ ದಿನದಿಂದ ತೊಂದರೆ ಶುರುವಾಗಿದ್ದರೆ ಅದು ಟಿವಿಯ ಕಣ್ಣನ್ನೇ ಮುಚ್ಚಿರುತ್ತದೆ. ಈ ಕಣ್ಣು ಸೆಕೆಂಡಿಗೆ ಸುಮಾರು 38,000 ಬಾರಿ ಮಿಡಿಯುವ ಬೆಳಕನ್ನಷ್ಟೇ ಆಯ್ದುಕೊಳ್ಳುವಂತೆ ಮಾಡಿರುವುದರಿಂದ ಮನೆಯ ದೀಪಗಳು ಸಾಮಾನ್ಯವಾಗಿ ಅಡ್ಡಿಯಾಗುವುದಿಲ್ಲ. ಆದರೆ ಪಡುವಣ ಕಿಟಕಿಯಿಂದ ಏಪ್ರಿಲ್ ತಿಂಗಳ ಇಳಿಬಿಸಿಲು ನೇರವಾಗಿ ಬಿದ್ದರೆ ಅದಕ್ಕೆ ಏನೂ ಕಾಣದಾಗುತ್ತದೆ. ಸಂಜೆ ಮಾತ್ರ ಕಾಡುವ ದೋಷಕ್ಕೆ ಪರದೆ ಎಳೆದು ನೋಡುವುದೇ ಮೊದಲ ಪರೀಕ್ಷೆ. ಆಷಾಢದ ಗಾಳಿಗೆ ಬಂದು ಕೂರುವ ಧೂಳನ್ನೂ ಆಗಾಗ ಒರೆಸಬೇಕು.

ನಾಲ್ಕನೆಯದೇ ಎಲ್ಲಕ್ಕಿಂತ ಹೆಚ್ಚು ದಾರಿ ತಪ್ಪಿಸುವಂಥದ್ದು. ಒಂದೇ ಬಟನ್ ಒತ್ತಿ ಎಲ್ಲವನ್ನೂ ಆನ್ ಮಾಡುವ ಮ್ಯಾಕ್ರೋದಲ್ಲಿ ರಿಮೋಟ್ ಪವರ್ ಕೋಡುಗಳನ್ನು ಸಾಲಾಗಿ ಕಳಿಸುತ್ತದೆ. ಹೆಚ್ಚಿನ ಉಪಕರಣಗಳಲ್ಲಿ ಆನ್‌ಗೂ ಆಫ್‌ಗೂ ಒಂದೇ ಕೋಡ್ ಇರುವುದರಿಂದ, ಮೊದಲೇ ಆನ್ ಆಗಿದ್ದದ್ದು ಆಫ್ ಆಗುತ್ತದೆ. ಕರೆಂಟ್ ಹೋಗಿ ಬಂದಾಗ ಸೆಟ್ ಟಾಪ್ ಬಾಕ್ಸ್ ತಾನಾಗಿ ಎದ್ದು, ಟಿವಿ ಮತ್ತು ಆಂಪ್ಲಿಫೈಯರ್ ಸ್ಟ್ಯಾಂಡ್‌ಬೈನಲ್ಲೇ ಉಳಿದರೆ, ಮ್ಯಾಕ್ರೋ ಒತ್ತಿದ ಕೂಡಲೇ ಟಿವಿ ಹತ್ತಿ ಬಾಕ್ಸ್ ಆರಿಹೋಗುತ್ತದೆ. ನೋಡುವವರಿಗೆ ರಿಮೋಟಿಗೆ ಹುಚ್ಚು ಹಿಡಿದಂತೆ ತೋರುತ್ತದೆ. ಆನ್‌ಗೆ ಒಂದು, ಆಫ್‌ಗೆ ಇನ್ನೊಂದು ಪ್ರತ್ಯೇಕ ಕೋಡ್ ಉಪಕರಣದಲ್ಲಿದ್ದರೆ ಮ್ಯಾಕ್ರೋದಲ್ಲಿ ಅವನ್ನೇ ಬಳಸಬೇಕು. ಇಲ್ಲದಿದ್ದರೆ ಬಾಕ್ಸನ್ನು ಮ್ಯಾಕ್ರೋದಿಂದ ಹೊರಗಿಟ್ಟು ಯಾವಾಗಲೂ ಆನ್ ಬಿಡುವುದೇ ಲೇಸೆಂದು ನನ್ನ ಅಭಿಪ್ರಾಯ. ತುಸು ಹೆಚ್ಚು ವಿದ್ಯುತ್ ಖರ್ಚಾಗುತ್ತದೆ ಎಂಬುದು ನಿಜ. ಟಿವಿ ಎದ್ದು ಆಜ್ಞೆ ಕೇಳುವ ಸ್ಥಿತಿಗೆ ಬರಲು ಹಲವು ಸೆಕೆಂಡುಗಳು ಬೇಕು, ಆದ್ದರಿಂದ ಪವರ್ ಕೋಡಿಗೂ ಇನ್‌ಪುಟ್ ಬದಲಿಸುವ ಕೋಡಿಗೂ ನಡುವೆ ಅಷ್ಟು ಬಿಡುವು ಕೊಡಬೇಕು. ಕೊನೆಯ ಕೋಡ್ ಹೋಗುವವರೆಗೂ ರಿಮೋಟನ್ನು ಉಪಕರಣಗಳ ಕಡೆಗೇ ಹಿಡಿದಿರಬೇಕು. ಒತ್ತಿದ ತಕ್ಷಣ ಸೋಫಾದ ಮೇಲೆ ಎಸೆದರೆ ಉಳಿದ ಆಜ್ಞೆಗಳು ದಿಂಬಿಗೆ ಹೋಗುತ್ತವೆ.

ಚಿತ್ರ ಬಂದು ಧ್ವನಿ ಮಾತ್ರ ಸ್ಪಂದಿಸದಿದ್ದರೆ ಎಚ್‌ಡಿಎಂಐ ಕೇಬಲ್ ಮೂಲಕ ಧ್ವನಿಯನ್ನು ಟಿವಿಯಿಂದ ಆಂಪ್ಲಿಫೈಯರಿಗೆ ಒಯ್ಯುವ ಎಆರ್‌ಸಿ ಸಂಪರ್ಕ ಕಡಿದಿರಬಹುದು. ಟಿವಿ, ಆಂಪ್ಲಿಫೈಯರ್ ಎರಡನ್ನೂ ಗೋಡೆಯ ಸ್ವಿಚ್ಚಿನಲ್ಲಿ ಕೆಲವು ನಿಮಿಷ ಆರಿಸಿ, ಮತ್ತೆ ಹಾಕಿ ನೋಡಬೇಕು.

ಫೈರ್ ಟಿವಿ ಸ್ಟಿಕ್ಕಿನ ವಿಷಯ ಬೇರೆ. ಅದರ ರಿಮೋಟ್ ಸ್ಟಿಕ್ಕಿನೊಂದಿಗೆ ಮಾತಾಡುವುದು ಬ್ಲೂಟೂತಿನಲ್ಲಿ. ಕೇವಲ ಅವಗೆಂಪು ಕಿರಣ ಬಿಡುವ ಯೂನಿವರ್ಸಲ್ ರಿಮೋಟಿಗೆ ಎಷ್ಟು ಕೋಡ್ ಹಾಕಿದರೂ ಅದು ಬಗ್ಗುವುದಿಲ್ಲ. ಹಳೆಯ ಲಾಜಿಟೆಕ್ ಹಾರ್ಮನಿ ಯೂನಿವರ್ಸಲ್ ರಿಮೋಟನ್ನು ಸೆಕೆಂಡ್ ಹ್ಯಾಂಡ್ ಕೊಳ್ಳಲು ಹೊರಟವರೂ ಯೋಚಿಸಬೇಕು: 2021ರ ಏಪ್ರಿಲ್‌ನಲ್ಲಿ ಕಂಪನಿ ಅದರ ತಯಾರಿಕೆ ನಿಲ್ಲಿಸುವುದಾಗಿ ಘೋಷಿಸಿದೆ, ಸೆಟ್ಟಿಂಗ್ ಮಾಡಲು ಅದರದೇ ಸಾಫ್ಟ್‌ವೇರ್ ಬೇಕು.

ಇಷ್ಟಾದರೂ ಒಂದು ಉಪಕರಣ ಮಾತ್ರ ಸ್ಪಂದಿಸದಿದ್ದರೆ ಅದರ ಮೂಲ ರಿಮೋಟಿಗೆ ಹೊಸ ಸೆಲ್ ಹಾಕಿ ಪರೀಕ್ಷಿಸಿ. ಅದಕ್ಕೂ ಅಲುಗದಿದ್ದರೆ ಹೋಗಿರುವುದು ಉಪಕರಣದೊಳಗಿನ ಕಣ್ಣು. ರಿಪೇರಿಯವರು ಆ ಬಿಡಿಭಾಗವನ್ನಷ್ಟೇ ಬದಲಿಸಿಕೊಡಬಲ್ಲರು.