ಹೊಗೆ ಹೋಯಿತು, ಸೊನೆ ಕೈಗೆ ಬಂತು

ನಮ್ಮದು ಗೇರುಬೀಜದ ಸಣ್ಣ ಫ್ಯಾಕ್ಟರಿ. ಉಡುಪಿಯಿಂದ ಹಿರಿಯಡ್ಕ ದಾಟಿ ಕಾರ್ಕಳದ ಕಡೆ ಹೋಗುವಾಗ ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ ಇದೆ. ಶುರು ಮಾಡಿದ್ದು ಅಪ್ಪ. 2009ರಲ್ಲಿ ಅವರಿಗೆ ಹುಷಾರು ತಪ್ಪಿದ ಮೇಲೆ ನಾನು ಬಂದು ಕೂತೆ. ದಿನಕ್ಕೆ 80 ಕಿಲೋದ 10 ಚೀಲ ಬೀಜ ಒಡೆಯುತ್ತೇವೆ. ಕೆಲಸಕ್ಕೆ ಬರುವವರು 60 ಮಂದಿ, ಹೆಚ್ಚುಕಮ್ಮಿ ಎಲ್ಲರೂ ಹೆಂಗಸರು. ಬೀಡಿ ಕಟ್ಟುವುದು ಬಿಟ್ಟರೆ ಊರಲ್ಲೇ ಕೂತು ನಾಲ್ಕು ಕಾಸು ನೋಡಲಿಕ್ಕೆ ಅವರಿಗೆ ಇರುವ ಕೆಲಸ ಇದೊಂದೇ.

ನಮ್ಮ ಜಿಲ್ಲೆಯಲ್ಲಿ ಪರಿಸರ ಅಂದ ಕೂಡಲೇ ಜನ ಪಡುಬಿದ್ರಿ ಕಡೆಯ ಕಲ್ಲಿದ್ದಲಿನ ಕರೆಂಟು ಸ್ಥಾವರದ ದೊಡ್ಡ ಚಿಮಣಿಯ ಮಾತು ತೆಗೆಯುತ್ತಾರೆ. ಅದು ಬೇಕಾದ ಮಾತೇ. ಆದರೆ ನಮ್ಮಂಥವರ ಚಿಕ್ಕ ಚಿಮಣಿಗಳು ಎಷ್ಟೋ ಇವೆ. ಅವು ಶಾಲೆಯ ಹಿಂದೆ, ಮನೆಗಳ ನಡುವೆ, ಗದ್ದೆಯ ಬದಿಯಲ್ಲಿ ಇರುತ್ತವೆ. ಅಂಥ ಒಂದು ಚಿಮಣಿಯ ಬುಡದಲ್ಲಿ ನಿಂತು ನಾನು ಕಲಿತದ್ದನ್ನು ಬರೆಯುತ್ತಿದ್ದೇನೆ.

ಅಪ್ಪನ ಕಾಲದಲ್ಲಿ ಬೀಜ ಹುರಿಯುತ್ತಿದ್ದದ್ದು ಡ್ರಮ್ಮಿನಲ್ಲಿ. ಓರೆಯಾಗಿ ಇಟ್ಟ ಕಬ್ಬಿಣದ ಡ್ರಮ್, ಕೆಳಗೆ ಬೆಂಕಿ. ಮೇಲಿನ ಬಾಯಿಯಿಂದ ಬೀಜ ಸುರಿದು ತಿರುಗಿಸುತ್ತಾ ಇರಬೇಕು. ಸಿಪ್ಪೆಯೊಳಗಿನ ಎಣ್ಣೆ, ಅಂದರೆ ಸೊನೆ, ಬಿಸಿಗೆ ಹೊರಗೆ ಬಂದು ತಾನೇ ಹೊತ್ತಿಕೊಳ್ಳುತ್ತದೆ. ಆಮೇಲೆ ಸೌದೆಯೇ ಬೇಡ, ಬೀಜವೇ ಬೀಜವನ್ನು ಹುರಿಯುತ್ತದೆ. ಕೆಳಗಿನ ಬಾಯಿಯಿಂದ ಕರಿ ಕೆಂಡದ ಹಾಗೆ ಬೀಜ ಬೀಳುತ್ತದೆ. ನೀರು ಚಿಮುಕಿಸಿ, ಬೂದಿ ಹಾಕಿ ಹೊರಳಿಸಿದರೆ ಒಡೆಯಲಿಕ್ಕೆ ತಯಾರು.

ಆ ಹೊಗೆ ನೋಡಿದವರಿಗೇ ಗೊತ್ತು. ಬೆಳ್ಳಗೆ, ದಪ್ಪಗೆ, ಕಣ್ಣಿಗೂ ಗಂಟಲಿಗೂ ಖಾರ. ಚಿಕ್ಕವರಿರುವಾಗ ಅಂಗಳದ ಕೆಂಡದಲ್ಲಿ ಗೇರುಬೀಜ ಸುಟ್ಟು ತಿಂದವರು ಆ ವಾಸನೆ ನೆನಪಿಸಿಕೊಳ್ಳಿ. ಅದು ಹತ್ತು ಬೀಜದ್ದು, ಇದು 800 ಕಿಲೋದ್ದು, ದಿನಾ. ಚಳಿಗಾಲದ ಬೆಳಗ್ಗೆ ಮಂಜಿನ ಜೊತೆ ಸೇರಿ ಗದ್ದೆಯ ಮೇಲೆ ಮಲಗಿದರೆ ಬಿಸಿಲು ಏರುವ ತನಕ ಏಳುತ್ತಿರಲಿಲ್ಲ. "ಹೊಗೆ ಬಂದ್ರೆ ಮಾತ್ರ ಅಕ್ಕಿ ಬರುದು" ಎಂದು ಅಪ್ಪ ಹೇಳುತ್ತಿದ್ದರು. ನಾನೂ ಹಾಗೇ ನಂಬಿದ್ದೆ. ಅರುವತ್ತು ಮನೆಯ ಒಲೆ ಉರಿಯಬೇಕಾದರೆ ಸ್ವಲ್ಪ ಹೊಗೆ ಸಹಿಸಬೇಕು ಎನ್ನುವುದು ಆಗ ನನಗೆ ನ್ಯಾಯವಾಗಿಯೇ ಕಂಡಿತ್ತು.

ಪಕ್ಕದ ಮನೆಯಲ್ಲಿ ರಿಟೈರ್ ಆದ ಒಬ್ಬರು ಮಾಸ್ಟ್ರು ಇದ್ದಾರೆ. 2011ರ ಡಿಸೆಂಬರಿನಲ್ಲಿ ಒಂದು ದಿನ ಒಗೆದ ಬಿಳಿ ಪಂಚೆ ಹಿಡಿದುಕೊಂಡು ಆಫೀಸಿಗೆ ಬಂದರು. ಹಗ್ಗದಲ್ಲಿ ಒಣಗಲು ಹಾಕಿದ್ದಂತೆ. ಬಟ್ಟೆ ತುಂಬ ಸಾಸಿವೆ ಕಾಳಿನಷ್ಟು ದೊಡ್ಡ ಕಂದು ಚುಕ್ಕೆಗಳು. ಉಗುರಿನಿಂದ ಕೆರೆದೆ, ಹೋಗಲಿಲ್ಲ, ಎಣ್ಣೆಯ ಹಾಗೆ ಹರಡಿತು. ಜಗಳಕ್ಕೆ ಬಂದಿದ್ದಾರೆ ಅಂದುಕೊಂಡು ನಾನು ಕೆಲಸದ ಮಾತು ತೆಗೆದೆ. ಅವರು ಜಗಳ ಮಾಡಲಿಲ್ಲ.

"ನೀನು ಅರುವತ್ತು ಮಂದಿಗೆ ಕೆಲಸ ಕೊಟ್ಟದ್ದು ನನಗೆ ಗೊತ್ತುಂಟು ಮಗಾ. ಆದ್ರೆ ಈ ಹೊಗೆ ಮೊದ್ಲು ಕುಡಿಯುದು ಯಾರು? ನಾನಲ್ಲ ಅಲ್ವಾ?"

ಡ್ರಮ್ಮಿಗೂ ಹೆಂಗಸರು ಕೂರುವ ಜಾಗಕ್ಕೂ ನಡುವೆ ಇದ್ದದ್ದು ಮೂವತ್ತು ಅಡಿ. ಅವರಿಗಾಗಿ ಹೊಗೆ ಬೇಕು ಎನ್ನುತ್ತಿದ್ದೆವು, ಅದನ್ನು ಎಲ್ಲರಿಗಿಂತ ಜಾಸ್ತಿ ಕುಡಿಯುತ್ತಿದ್ದದ್ದೂ ಅವರೇ. ಇದು ನನ್ನ ಕಣ್ಣೆದುರಿಗೇ ಇತ್ತು, ಕಂಡಿರಲಿಲ್ಲ.

ಆಮೇಲೆ ಒಂದು ಲೆಕ್ಕ ಹಾಕಿದೆ. ಗೇರುಬೀಜದಲ್ಲಿ ತಿರುಳು ಕಾಲು ಭಾಗದಷ್ಟು. ಒಳ್ಳೆಯ ಬೀಜವಾದರೆ 80 ಕಿಲೋ ಚೀಲಕ್ಕೆ 20ರಿಂದ 22 ಕಿಲೋ. ಉಳಿದದ್ದರಲ್ಲಿ ಹೆಚ್ಚಿನದು ಸಿಪ್ಪೆ. ಸಿಪ್ಪೆಯ ತೂಕದಲ್ಲಿ ಐದನೇ ಒಂದು ಭಾಗಕ್ಕೆ ಕಡಿಮೆಯಿಲ್ಲದ ಹಾಗೆ ಎಣ್ಣೆ. ಅದು ಬಣ್ಣ, ವಾರ್ನಿಷ್, ವಾಹನದ ಬ್ರೇಕ್ ಲೈನಿಂಗ್ ಮಾಡುವವರಿಗೆ ಬೇಕು. ಹಿಂದೆ ನಮ್ಮ ಕಡಲ ಬದಿಯವರು ಮರದ ದೋಣಿ ಹಾಳಾಗದಿರಲಿ ಎಂದು ಬಳಿಯುತ್ತಿದ್ದದ್ದೂ ಇದನ್ನೇ. ಅಂದರೆ ನಾವು ದಿನಕ್ಕೆ 100 ಕಿಲೋಗಿಂತ ಜಾಸ್ತಿ ಎಣ್ಣೆಯನ್ನು ಊರಿನ ತಲೆಯ ಮೇಲೆ ಸುಡುತ್ತಿದ್ದೆವು. ಮಾರುವ ಸಾಮಾನನ್ನೇ ಹೊಗೆ ಮಾಡಿ ಬಿಡುತ್ತಿದ್ದೆವು.

2012ರಲ್ಲಿ ಬ್ಯಾಂಕಿನಿಂದ ಸಾಲ ತೆಗೆದು ಬಾಯ್ಲರ್ ಹಾಕಿಸಿದೆ. ಈಗ ಬೀಜ ಹುರಿಯುವುದಿಲ್ಲ, ಹಬೆಯಲ್ಲಿ ಬೇಯಿಸುತ್ತೇವೆ. ಮುಚ್ಚಿದ ಕುಕ್ಕರಿನಲ್ಲಿ ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ನೆಲದ ಮೇಲೆ ಹರಡಿ ರಾತ್ರಿ ಇಡೀ ಆರಲು ಬಿಟ್ಟು, ಮರುದಿನ ಕಟಿಂಗ್. ಪೆಡಲ್ ಒತ್ತಿದರೆ ಎರಡು ಬ್ಲೇಡು ಸೇರಿ ಸಿಪ್ಪೆ ಸೀಳುತ್ತದೆ. ತಿರುಳು ಬೋರ್ಮ ಎನ್ನುವ ಬಿಸಿಗಾಳಿಯ ಗೂಡಿನಲ್ಲಿ ಒಣಗಿ, ಕೆಂಪು ಸಿಪ್ಪೆ ಬಿಟ್ಟು, ಗ್ರೇಡಿಂಗಿಗೆ ಹೋಗುತ್ತದೆ. ತಿರುಳು ಮೊದಲಿಗಿಂತ ಬೆಳ್ಳಗೆ ಬಂತು. ಹುರಿದ ಪರಿಮಳ ಇಲ್ಲ ಎಂದು ಕೆಲವು ಹಳೆಯ ಗಿರಾಕಿಗಳು ಬಿಟ್ಟುಹೋದರು. ಹೊರಗಿನ ವ್ಯಾಪಾರಿಗಳು ಬಂದರು.

ಎಲ್ಲ ಸರಿಯಾಯಿತು ಅಂದುಕೊಂಡೆ. ಅಲ್ಲಿಂದಲೇ ನನ್ನ ತಪ್ಪುಗಳು ಶುರುವಾದದ್ದು.

ಮೊದಲನೆಯದು ಬಾಯ್ಲರಿನ ಬೆಂಕಿಯದು. ಸೌದೆ ದುಬಾರಿ, ಸಿಪ್ಪೆ ರಾಶಿ ಬಿದ್ದಿದೆ, ಚೆನ್ನಾಗಿ ಉರಿಯುತ್ತದೆ. ಎಣ್ಣೆ ಗಿರಣಿಯವರು ಆ ವರ್ಷ ಕೊಡುತ್ತಿದ್ದ ರೇಟೂ ಕಡಿಮೆ. ಸಾಲದ ಕಂತು ತಲೆಯ ಮೇಲೆ. ಸಿಪ್ಪೆಯನ್ನೇ ಬಾಯ್ಲರಿಗೆ ಹಾಕಿಸಿದೆ. ಡ್ರಮ್ಮಿನ ಹೊಗೆ ಚಿಮಣಿಯಿಂದ ಬಂತು, ಅಷ್ಟೇ ವ್ಯತ್ಯಾಸ. ಎತ್ತರದಿಂದ ಬಂದದ್ದರಿಂದ ಇನ್ನೂ ದೂರದ ಮನೆಗಳಿಗೆ ಹೋಯಿತು. ದೂರು ಹೋಯಿತು, ನೋಟಿಸು ಬಂತು. ಬರಬೇಕಾದದ್ದೇ.

ಅದಕ್ಕೆ ಒಬ್ಬರು ಸ್ಕ್ರಬ್ಬರ್ ಕೂರಿಸಿ ಎಂದರು. ಹೊಗೆಯನ್ನು ನೀರಿನ ಮೂಲಕ ಹಾಯಿಸಿದರೆ ಅದರಲ್ಲಿರುವ ಮಸಿ, ಎಣ್ಣೆ ನೀರಿನಲ್ಲೇ ಉಳಿಯುತ್ತದೆ. ಕೂರಿಸಿದೆವು, ಹೊಗೆ ನಿಜವಾಗಿಯೂ ತೆಳುವಾಯಿತು. ನೀರು ಮಾತ್ರ ಕಷಾಯದ ಬಣ್ಣಕ್ಕೆ ತಿರುಗಿತು. ಆ ನೀರನ್ನು ಹಿಂದಿನ ಹೊಂಡಕ್ಕೆ ಬಿಟ್ಟೆ. ನಮ್ಮ ನೆಲ ಮುರಕಲ್ಲಿನದು. ಮೇಲೆ ನೋಡಲು ಕಲ್ಲು, ಒಳಗೆ ತೂತು ತೂತು. ಹೊಂಡದ ನೀರು ಬೇಗ ಇಳಿಯುತ್ತದೆ ಎಂದು ನಾನು ಸಂತೋಷಪಟ್ಟಿದ್ದೆ. ಇಳಿದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಲಿಲ್ಲ.

ಅದು ಗೊತ್ತಾದದ್ದು 2013ರ ಜೂನಿನಲ್ಲಿ. ಉಡುಪಿಯ ಮಳೆ ಅಂದರೆ ವರ್ಷಕ್ಕೆ 4000 ಮಿಲಿಮೀಟರ್ ಆಸುಪಾಸು, ಅದರಲ್ಲಿ ಬಹುಪಾಲು ನಾಲ್ಕೇ ತಿಂಗಳಲ್ಲಿ. ಮೊದಲ ಜೋರು ಮಳೆ ಬಿದ್ದ ದಿನ ಕೊಡೆ ಹಿಡಿದು ಫ್ಯಾಕ್ಟರಿಯ ಹಿಂದೆ ಹೋದೆ. ಮಾರಾಟಕ್ಕೆಂದು ಉಳಿಸಿದ್ದ ಸಿಪ್ಪೆ ಬಯಲಲ್ಲೇ ರಾಶಿ ಬಿದ್ದಿತ್ತು. ರಾಶಿಯ ಬುಡದಿಂದ ಬೆರಳಗಲದ ಕಂದು ನೀರು ಹೊರಟಿತ್ತು. ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ. ಹೊಂಡದ ತುಂಬಿದ ನೀರೂ ಅದಕ್ಕೆ ಸೇರಿಕೊಂಡು, ಕಾಂಪೌಂಡಿನ ಕೆಳಗೆ ನುಸುಳಿ, ಮಾಸ್ಟ್ರ ಅಡಿಕೆ ತೋಟಕ್ಕೆ ಇಳಿಯುತ್ತಿತ್ತು. ನಾನು ಅದರ ಜೊತೆಗೇ ನಡೆದೆ. ತೋಟ ದಾಟಿ ಸ್ವಲ್ಪ ಮುಂದೆ ಅವರ ಬಾವಿ. ಬಾವಿಕಟ್ಟೆಯ ಹೊರಮೈಗೆ ಕಂದು ಗೆರೆ ಹತ್ತಿತ್ತು. ನೀರು ಸೇದಿ ಮೂಸಿದೆ. ಸೊನೆಯ ಘಾಟು.

ಅವತ್ತು ನಾನು ಅತ್ತದ್ದು ನಿಜ. ಹೊಗೆಯಾಗಿದ್ದರೆ ಗಾಳಿ ಬೀಸಿದಾಗ ಹೋಗುತ್ತಿತ್ತು. ಬಾವಿಗೆ ಇಳಿದದ್ದು ಹೋಗುತ್ತದಾ?

ಮಾಸ್ಟ್ರ ಮನೆಗೆ ಎರಡು ತಿಂಗಳು ನಮ್ಮ ಬೋರ್‌ವೆಲ್ಲಿನ ನೀರು ಕಳಿಸಿದೆವು. ಬಾವಿ ಎರಡು ಸಲ ಖಾಲಿ ಮಾಡಿಸಿ, ಕೆಸರು ತೆಗೆಸಿದೆವು. ಖರ್ಚು ಕೊಡಲು ಹೋದರೆ ಅವರು ಬೇಡ ಅನ್ನಬಹುದು ಎಂದುಕೊಂಡಿದ್ದೆ. ಅವರು ತೆಗೆದುಕೊಂಡರು. ವೆಲ್ಲೂರಿನ ಚರ್ಮದ ಕಾರ್ಖಾನೆಗಳ ಕೇಸಿನಲ್ಲಿ ಸುಪ್ರೀಂ ಕೋರ್ಟು 1996ರಲ್ಲೇ ಹೇಳಿದೆ, ಕೆಡಿಸಿದವರೇ ಸರಿಪಡಿಸುವ ಖರ್ಚನ್ನೂ ಕೊಡಬೇಕು ಎಂದು. "ಇದು ದಾನ ಅಲ್ಲ ಮಗಾ, ನಿನ್ನ ಫ್ಯಾಕ್ಟರಿಯ ಖರ್ಚು. ಪುಸ್ತಕದಲ್ಲಿ ಬರಿ" ಎಂದರು ಮಾಸ್ಟ್ರು. ಅಂದಿನಿಂದ ನಮ್ಮ ಲೆಕ್ಕದ ಪುಸ್ತಕದಲ್ಲಿ ಸೌದೆ, ಕೂಲಿ, ಕರೆಂಟಿನ ಕೆಳಗೆ ಇನ್ನೊಂದು ಸಾಲು ಇದೆ. ನೀರು, ಹೊಗೆ ಎಂದು ಬರೆದಿದ್ದೇನೆ.

ಮಾಡಿದ ಕೆಲಸ ದೊಡ್ಡದೇನಲ್ಲ. ಸಿಪ್ಪೆಗೆ ಮಾಡು ಹಾಕಿಸಿದೆ, ನೆಲಕ್ಕೆ ಕಾಂಕ್ರೀಟು, ಸುತ್ತ ಒಂದು ಅಡಿಯ ಕಟ್ಟೆ. ಹದಿನೈದು ದಿನಕ್ಕಿಂತ ಜಾಸ್ತಿ ಸಿಪ್ಪೆ ಇಟ್ಟುಕೊಳ್ಳುವುದಿಲ್ಲ, ರೇಟು ಇರಲಿ ಬಿಡಲಿ ಗಿರಣಿಗೆ ಹೋಗಬೇಕು. ಹಸಿ ಸಿಪ್ಪೆ ಸುಡುವುದನ್ನು ಪೂರ್ತಿ ನಿಲ್ಲಿಸಿದೆ. ಈಗ ಬಾಯ್ಲರಿಗೆ ಸೌದೆ, ಜೊತೆಗೆ ಗಿರಣಿಯಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿ. ಹಿಂಡಿಯಲ್ಲಿ ಎಣ್ಣೆ ಕಡಿಮೆ, ಆದ್ದರಿಂದ ಹೊಗೆ ಕಡಿಮೆ. ನೀರಿನ ಸ್ಕ್ರಬ್ಬರ್ ತೆಗೆದು, ಬೂದಿಯನ್ನು ಒಣಗಿದ ಹಾಗೆಯೇ ಹಿಡಿಯುವ ಸೈಕ್ಲೋನ್ ಹಾಕಿಸಿದೆ. ಹೊಂಡ ಮುಚ್ಚಿಸಿದೆ. ಸಿಪ್ಪೆ ಮಾರಿದ ದುಡ್ಡು ಮೊದಲ ಎರಡು ವರ್ಷ ಈ ಖರ್ಚಿಗೇ ಹೋಯಿತು. ಮೂರನೇ ವರ್ಷದಿಂದ ಸಾಲದ ಕಂತಿಗೆ ಆಸರೆಯಾಯಿತು. ಲಾಭ ಅಂದರೆ ಇಷ್ಟೇ, ಇದಕ್ಕಿಂತ ದೊಡ್ಡದಾಗಿ ಹೇಳಿದರೆ ಸುಳ್ಳಾಗುತ್ತದೆ.

ಇದೆಲ್ಲದರ ನಡುವೆ ನಾನು ನೋಡದೇ ಬಿಟ್ಟದ್ದು ಹೆಂಗಸರ ಕೈ.

ಡ್ರಮ್ಮಿನಲ್ಲಿ ಹುರಿದಾಗ ಸಿಪ್ಪೆಯ ಎಣ್ಣೆ ಸುಟ್ಟುಹೋಗುತ್ತಿತ್ತು. ಹಬೆಯಲ್ಲಿ ಬೇಯಿಸಿದರೆ ಅದು ಸಿಪ್ಪೆಯಲ್ಲೇ ಉಳಿಯುತ್ತದೆ. ಮಾರಲಿಕ್ಕೆ ಅದು ಒಳ್ಳೆಯದು. ಬ್ಲೇಡಿನಲ್ಲಿ ಸೀಳುವವರ ಬೆರಳಿಗೆ ಅಲ್ಲ. ಕಟಿಂಗಿನ ಹಿರಿಯ ಅಕ್ಕ ಒಬ್ಬರು ಒಂದು ಸಂಜೆ ಎರಡೂ ಕೈ ನನ್ನ ಮೇಜಿನ ಮೇಲೆ ಇಟ್ಟರು. ಹೆಬ್ಬೆರಳು, ತೋರುಬೆರಳಿನ ತುದಿಯ ಚರ್ಮ ಕರ್ರಗಾಗಿ ಪದರ ಪದರ ಎದ್ದಿತ್ತು, ಕೆಳಗೆ ಎಳೆ ಕೆಂಪು. "ಹೊಗೆ ಹೋಯ್ತು ಅಕ್ಕ, ಸೊನೆ ಕೈಗೆ ಬಂತು. ಅನ್ನಕ್ಕೆ ಉಪ್ಪಿನಕಾಯಿ ಹಾಕಿಕೊಳ್ಳಲಿಕ್ಕೆ ಆಗುದಿಲ್ಲ" ಎಂದರು. ನನಗಿಂತ ದೊಡ್ಡವರು ನನ್ನನ್ನು ಅಕ್ಕ ಅನ್ನುತ್ತಾರೆ. ಅವರ ಕೈ ನೋಡಿ ತಲೆ ಎತ್ತಲಿಕ್ಕೆ ಆಗಲಿಲ್ಲ.

ಗ್ಲೌಸು ತಂದೆ. ಯಾರೂ ಹಾಕಲಿಲ್ಲ. ತೆಂಗಿನೆಣ್ಣೆ, ಬೂದಿ ಹಚ್ಚಿಕೊಳ್ಳುವ ಹಳೆಯ ಕ್ರಮವೇ ಸಾಕು ಎಂದರು. ಮೊದಲು ನನಗೆ ಸಿಟ್ಟೇ ಬಂತು, ಇವರಿಗೆ ತಮ್ಮ ಕೈಯ ಮೇಲೆ ಕಾಳಜಿ ಇಲ್ಲ ಎಂದು. ಒಂದು ವಾರ ಪಕ್ಕದಲ್ಲಿ ಕೂತು ನೋಡಿದ ಮೇಲೆ ಅರ್ಥವಾಯಿತು. ಕೂಲಿ ಕಿಲೋ ಲೆಕ್ಕದಲ್ಲಿ. ಗ್ಲೌಸು ಹಾಕಿದರೆ ಬೀಜ ಬೆರಳಿಗೆ ಸರಿಯಾಗಿ ಸಿಗುವುದಿಲ್ಲ, ಕೆಲಸ ನಿಧಾನ. ಎಂಟು ಕಿಲೋ ತಿರುಳು ತೆಗೆಯುವವರು ಆರೂವರೆಗೆ ಇಳಿಯುತ್ತಿದ್ದರು. ಗ್ಲೌಸಿನ ದುಡ್ಡು ನಾನು ಕೊಟ್ಟಿದ್ದೆ. ಆದರೆ ಅದನ್ನು ಹಾಕಿಕೊಳ್ಳುವ ಖರ್ಚು ಅವರ ಸಂಬಳದಿಂದ ಹೋಗುತ್ತಿತ್ತು. ಪರಿಸರಕ್ಕಾಗಿ ನಾನು ಮಾಡಿದ ಬದಲಾವಣೆಗೆ ಅವರು ದಿನಾ ದುಡ್ಡು ಕಟ್ಟುತ್ತಿದ್ದರು.

ಕಿಲೋದ ರೇಟು ಏರಿಸಿದೆ, ಗ್ಲೌಸು ಹಾಕಿ ಆರೂವರೆ ಕಿಲೋ ಮಾಡಿದರೂ ಮೊದಲಿನ ಎಂಟು ಕಿಲೋದ ಕೂಲಿ ಸಿಗುವ ಹಾಗೆ. ಇಡೀ ಗ್ಲೌಸು ಬಿಟ್ಟು ಮೂರು ಬೆರಳಿಗೆ ಮಾತ್ರ ರಬ್ಬರ್ ಟೋಪಿ ಸಾಕು ಎಂದು ಅವರೇ ಹೇಳಿದರು. ಅದರಲ್ಲಿ ವೇಗ ಬಂತು. ಆರು ತಿಂಗಳಲ್ಲಿ ಹೆಚ್ಚಿನವರು ಏಳೂವರೆಗೆ ಮುಟ್ಟಿದರು. ರೇಟು ನಾನು ಇಳಿಸಲಿಲ್ಲ.

ಪರಿಸರ ಬೇಕಾ, ಕೆಲಸ ಬೇಕಾ ಎಂದು ಕೇಳುವವರು ಈಗಲೂ ಸಿಗುತ್ತಾರೆ. ನನ್ನ ಅನುಭವದಲ್ಲಿ ಪ್ರಶ್ನೆ ಹಾಗೆ ಬರಲೇ ಇಲ್ಲ. ಕೊಳೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಯಿತು. ಗಾಳಿಯಿಂದ ನೀರಿಗೆ, ನೀರಿನಿಂದ ಬಾವಿಗೆ, ಸಿಪ್ಪೆಯಿಂದ ಕೈಗೆ. ಪ್ರತಿ ಸಲವೂ ಅದು ಹೋಗಿ ಕೂತದ್ದು ದನಿ ಸಣ್ಣದಿರುವವರ ಹತ್ತಿರ. ಅದಕ್ಕೇ ಯಾರಾದರೂ ಹೊಸ ಮೆಷಿನ್ ತೋರಿಸಿ ಮಾಲಿನ್ಯ ಇಲ್ಲ ಎಂದರೆ, ಅದರಿಂದ ಹೊರಬರುವ ನೀರು ಎಲ್ಲಿಗೆ ಹೋಗುತ್ತದೆ, ಅದರ ಮುಂದೆ ಯಾರು ಕೂರುತ್ತಾರೆ ಎಂದು ಕೇಳುತ್ತೇನೆ.

ಈಗ ಎದುರಿಗಿರುವುದು ಅಂಥದ್ದೇ ಒಂದು. ಬೀಜವನ್ನು ತಾನೇ ಸೀಳುವ ಆಟೋಮ್ಯಾಟಿಕ್ ಕಟಿಂಗ್ ಮೆಷಿನ್. ವಿಯೆಟ್ನಾಮಿನಲ್ಲಿ ಅದು ತುಂಬ ಬಳಕೆಯಲ್ಲಿದೆ. ಹಾಕಿದರೆ ಬೆರಳು ಸುಡುವುದು ತುಂಬ ಕಡಿಮೆಯಾಗುತ್ತದೆ. ಆದರೆ ಕಟಿಂಗಿನಲ್ಲಿರುವ 26 ಮಂದಿಯಲ್ಲಿ ಏಳೆಂಟು ಜನಕ್ಕೆ ಮಾತ್ರ ಅಲ್ಲಿ ಕೆಲಸ ಉಳಿಯುತ್ತದೆ. ಕೆಂಪು ಸಿಪ್ಪೆ ಬಿಡಿಸುವ ಕಡೆಗೆ, ಗ್ರೇಡಿಂಗಿಗೆ ಹತ್ತು ಜನರನ್ನು ಹಾಕಬಹುದು. ಉಳಿದವರಿಗಾಗಿ ಗೇರುಬೀಜವನ್ನು ಮಸಾಲೆ ಹಾಕಿ ಹುರಿದು ಸಣ್ಣ ಪ್ಯಾಕೆಟ್ ಮಾಡುವ ಕೆಲಸ ಶುರು ಮಾಡಲಿಕ್ಕೆ ಆಗುತ್ತದಾ ಎಂದು ನೋಡುತ್ತಿದ್ದೇವೆ. ಹೋದ ತಿಂಗಳು ಕಟಿಂಗಿನವರನ್ನೆಲ್ಲ ಕೂರಿಸಿ ಮೆಷಿನಿನ ಕೊಟೇಷನ್ ಓದಿ ಹೇಳಿದೆ. ಬೆಲೆ, ಕಂತು, ಎಷ್ಟು ಜನ ಎಲ್ಲಿಗೆ, ಎಲ್ಲ. ಅವತ್ತು ಕೈ ತೋರಿಸಿದ್ದ ಅಕ್ಕನೇ ಮೊದಲು ಮಾತಾಡಿದರು. ಪ್ಯಾಕಿಂಗ್ ಮೊದಲು ಶುರುವಾಗಲಿ, ಅದರಲ್ಲಿ ಆರು ತಿಂಗಳು ಕೂಲಿ ಸರಿಯಾಗಿ ಹುಟ್ಟಿದರೆ ಮೆಷಿನ್ ತನ್ನಿ ಎಂದರು.

ಪ್ಯಾಕಿಂಗಿಗೆ ಕೋಣೆ ತಯಾರಾಗುತ್ತಿದೆ. ಕೊಟೇಷನ್ ಮೇಜಿನ ಖಾನೆಯಲ್ಲಿ ಇಟ್ಟಿದ್ದೇನೆ.